ಮಾಡದ ಪಾಪದ ಸಾಕ್ಷಿ

ಪಾಸ್ಟರ್ ಅವರಿಗೆ ಸ್ತೋತ್ರ.

ಹೋದ ವರ್ಷ ಪಂಬಾ ನದಿ ದಡದ ಪ್ರಾರ್ಥನಾ ಕೂಟದಲ್ಲಿ, ಪಾಪ ಬಿಟ್ಟು ರಕ್ಷಣೆ ಪಡೆದೆನೆಂದು ನಾನು ಹೇಳಿದ ಸಾಕ್ಷಿ ಸುಳ್ಳು. ನಾನು ಎಂದೂ ಶೇಂದಿ ಕುಡಿದವನಲ್ಲ. ಶಾಲೆ ಬಿಟ್ಟದ್ದನ್ನಷ್ಟೇ ಹೇಳಿದರೆ ಯಾರೂ ಅಳುವುದಿಲ್ಲವೆಂದು, ನೆರೆಮನೆಯ ಸಾಜನ್ ನನಗೆ ಕುಡಿತ ಕಲಿಸಿದನೆಂದು ಕಟ್ಟಿ ಹೇಳಿದೆ. ಅದನ್ನು ನಂಬಿ ನಮ್ಮ ಸಭೆಯ ಹಿರಿಯರು ಚಾಕ್ಕೋ ಅಚ್ಚಾಯನ್ ಈಗ ಅವನಿಗೆ ತಮ್ಮ ಮಗಳನ್ನು ಕೊಡುವುದಿಲ್ಲ ಎಂದಿದ್ದಾರೆ.

ಇಂದು ಹೋಗಿ ಅವರಿಗೆ ನಿಜ ಹೇಳಿದೆ. "ರಕ್ಷಣೆ ಸಿಕ್ಕ ದಿನ ಯಾರಾದ್ರೂ ಸುಳ್ಳು ಹೇಳ್ತಾರೇನೋ? ಈಗ ನಿನ್ನ ಬಾಯಲ್ಲಿ ಸೈತಾನ ಕೂತಿದಾನೆ, ಹೋಗು ಮೋನೇ" ಎಂದು ನಕ್ಕರು.

ಮಾಡದ ಪಾಪಕ್ಕೆ ಕ್ಷಮೆ ಸಿಕ್ಕಿತೆಂದು ನೀವೆಲ್ಲ ಹಾಡಿದಿರಿ. ಮಾಡಿದ ಪಾಪ ಹಾಗೆಯೇ ಇದೆ. ಭಾನುವಾರದ ಆರಾಧನೆಯಲ್ಲಿ ಈ ಪತ್ರ ಓದಿಬಿಡಿ. ನೀವು ಹೇಳಿದರೆ ಅವರು ನಂಬುತ್ತಾರೆ. ನನ್ನ ತಾಯಿ ಅಮ್ಮಚ್ಚಿಗೆ ಮೊದಲೇ ತಿಳಿಸಿ. ಕೊಲ್ಲಂನಲ್ಲಿ ದೋಣಿ ಕೆಲಸ ಸಿಕ್ಕಿದೆ. ನಾಳೆ ಹೊರಡುತ್ತೇನೆ.

ನಿಮ್ಮ ಸಭೆಯ
ಬೆನ್ಸನ್