ಮುಷ್ಕರದ ಬಂಕಿಗೆ ಬಂದ ಡೀಸೆಲ್ ಕಾರು

ಹೇಜಲ್ಟನ್, ಪೆನ್ಸಿಲ್ವೇನಿಯಾ
೧ ಜುಲೈ ೧೯೭೯, ಭಾನುವಾರ

ಪ್ರೀತಿಯ ಅಣ್ಣ ಶ್ಟೆಫಾನ್‌ಗೆ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಎರಡು ಸಲ ಬರೆಯಲು ಕೂತೆ. ಎರಡು ಸಲವೂ ಬರೀ ಬೈಗುಳವೇ ಬಂತು, ಹರಿದು ಹಾಕಿದೆ. ಇದು ಮೂರನೆಯದು. ಇದರಲ್ಲೂ ಬೈಗುಳ ಇದೆ, ಆದರೆ ಸುದ್ದಿಯೂ ಇದೆ. ಹಾಗಾಗಿ ಅಂಚೆಗೆ ಹಾಕುತ್ತಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದೇ ಇದೆ, ಆದರೂ ದಿನಾ ಬೆಳಿಗ್ಗೆ ಕೋಸು ಹೆಚ್ಚಿ, ಬೆಣ್ಣೆಯಲ್ಲಿ ಬಾಡಿಸಿ, ಚರ್ಚಿನ ಹಬ್ಬಕ್ಕೆ ತರುವ ಆ ದೊಡ್ಡ ಪಾತ್ರೆಯ ತುಂಬಾ ಹಲುಷ್ಕಿ ಮಾಡಿ ನಮ್ಮ ಬಂಕಿಗೆ ಕಳಿಸುತ್ತಾಳೆ. ಮುಷ್ಕರಕ್ಕೆ ಕೂತವರು ತಟ್ಟೆ ಹಿಡಿದು ಸಾಲು ನಿಲ್ಲುತ್ತಾರೆ. ಚೆಸ್ಟರ್ ಗೊತ್ತಲ್ಲ, ಕಲ್ಲಿದ್ದಲು ಸಾಗಿಸುವ ದಪ್ಪ ಚೆಸ್ಟರ್, ಅವನಂತೂ ನನಗೆ "ಪೌಲಾ, ಮುಷ್ಕರ ಗೆಲ್ಲೋದು ಬೇಡ ಕಣೇ, ಹೀಗೇ ನಡೀಲಿ, ನನ್ನ ಹೆಂಡ್ತಿ ಇಪ್ಪತ್ತು ವರ್ಷದಲ್ಲಿ ಇಂಥ ಊಟ ಹಾಕಿಲ್ಲ" ಅನ್ನುತ್ತಾನೆ.

ಅಪ್ಪನ ಲಾರಿ ಹದಿನೇಳು ದಿನದಿಂದ ಡೀಸೆಲ್ ಪಂಪುಗಳ ಮುಂದೆ ಅಡ್ಡ ನಿಂತಿದೆ. ಅದರ ಪಕ್ಕ ಚೆಸ್ಟರನದು, ಆಮೇಲೆ ಇನ್ನೂ ಹದಿಮೂರು. ನಾವು ಕೇಳುತ್ತಿರುವುದೇನು ಎಂದು ನಿನಗೆ ಹೇಳಬೇಕಾಗಿಲ್ಲ. ಡೀಸೆಲ್ಲಿನ ಬೆಲೆ ಹೀಗೇ ಏರಿದರೆ ಸ್ವಂತ ಲಾರಿ ಇಟ್ಟುಕೊಂಡವನು ಲಾರಿ ಓಡಿಸಿದಷ್ಟೂ ಮುಳುಗುತ್ತಾನೆ. ಆದ್ದರಿಂದ ನಿಲ್ಲಿಸಿದ್ದೇವೆ. ಆಂಬುಲೆನ್ಸು, ಬೆಂಕಿ ಆರಿಸುವ ಗಾಡಿ, ಹಾಲಿನ ಲಾರಿ, ಈ ಮೂರನ್ನು ಬಿಟ್ಟು ಯಾರಿಗೂ ಒಂದು ಹನಿ ಡೀಸೆಲ್ ಇಲ್ಲ. ಬಂಕಿನ ಯಜಮಾನ ಓರ್ವಿಲ್ ಫ್ರಿಟ್ಜ್ ಮೊದಲು ಕೂಗಾಡಿದ. ಮೂರನೆಯ ದಿನ ಪಂಪಿನ ಬೀಗದ ಕೈ ತಂದು ಮೇಜಿನ ಮೇಲೆಸೆದು "ನಿಮ್ಮಲ್ಲೇ ಯಾರಾದ್ರೂ ಇಟ್ಕೊಳ್ಳಿ, ನನ್ನ ತಲೆ ತಿನ್ಬೇಡಿ" ಎಂದ. ಎಲ್ಲರೂ ಸೇರಿ ಅದನ್ನು ನನಗೆ ಕೊಟ್ಟರು. ಡ್ರೈವರುಗಳ ಕೋಣೆಯಲ್ಲಿ ಬಿದ್ದಿರುವ ಮುಷ್ಕರದ ಕರಪತ್ರಗಳನ್ನು ಪೂರ್ತಿ ಓದುವವಳು ನಾನೊಬ್ಬಳೇ, ಅದಕ್ಕಂತೆ. ಉಳಿದವರು ಅದರಲ್ಲಿ ಸ್ಯಾಂಡ್‌ವಿಚ್ ಸುತ್ತುತ್ತಾರೆ.

ಈಗ ನಿನ್ನ ಪತ್ರದ ವಿಷಯ.

ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ. "ನಮ್ಮ ಗಿರಾಕಿ ಮಿಸೆಸ್ ಲೆವೆಲಿನ್ ಮೂವತ್ತನೇ ತಾರೀಕು ಶನಿವಾರ ಸರೋವರದ ದಂಡೆಯ ಮನೆಗೆ ಹೋಗುವಾಗ ನಿಮ್ಮ ಬಂಕಿಗೆ ಬರುತ್ತಾರೆ. ಹಿಂದಿನ ಪಂಪಿನಿಂದ ಸದ್ದಿಲ್ಲದೆ ತುಂಬಿಸಿ ಕಳಿಸು. ಅವರ ಅಳಿಯ, ತಮ್ಮ, ವಕೀಲ ಮೂವರೂ ನಮ್ಮ ಡೀಸೆಲ್ ಕಾರು ಕೊಳ್ಳುವವರಿದ್ದಾರೆ. ಇದೊಂದು ಕೈಗೂಡಿದರೆ ಶೋರೂಮಿನ ಮ್ಯಾನೇಜರ್ ಕುರ್ಚಿ ನನ್ನದು." ಜೊತೆಗೆ ಒಂದು ತಗಡಿನ ಆಲಿಕೆ. ಲಾರಿ ಪಂಪಿನ ಮೂತಿ ನಿಮ್ಮ ಕಾರಿನ ಬಾಯಿಗೆ ಹಿಡಿಸುವುದಿಲ್ಲವೆಂದು ಪ್ರತಿಯೊಬ್ಬ ಗಿರಾಕಿಗೂ ಶೋರೂಮಿನ ಮುದ್ರೆ ಒತ್ತಿದ ಆಲಿಕೆ ಕೊಡುತ್ತೀಯಂತೆ. ಒಪ್ಪಿದೆ, ಜಾಣ ನೀನು. ಇಡೀ ದೇಶ ಪೆಟ್ರೋಲಿಗೆ ಸಾಲು ನಿಂತಿರುವಾಗ ನೀನು ಮಾರುತ್ತಿರುವುದು ಕಾರನ್ನಲ್ಲ, ಸಾಲಿನಲ್ಲಿ ನಿಲ್ಲದಿರುವ ಸುಖವನ್ನು. ಆದರೆ ಆ ಸುಖ ಯಾರ ಪಂಪಿನಿಂದ ಬರುತ್ತದೆ ಅಂತ ಯೋಚಿಸಿದೆಯಾ?

ಆಯಿತು, ನಿನ್ನೆ ಮಧ್ಯಾಹ್ನ ಅವರು ಬಂದರು.

ಪೆಟ್ರೋಲ್ ಕಡೆಯ ಸಾಲು ಹೆದ್ದಾರಿಯವರೆಗೆ ಬೆಳೆದಿತ್ತು. ನಿನ್ನೆ ನಂಬರ್ ಪ್ಲೇಟು ಸಮಸಂಖ್ಯೆಯಲ್ಲಿ ಮುಗಿಯುವ ಕಾರುಗಳ ಸರದಿ. ಜನ ಕಾರಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಆ ಸಾಲಿನ ಪಕ್ಕದಲ್ಲೇ, ಯಾರಿಗೂ ಸಂಬಂಧವಿಲ್ಲದಂತೆ, ಕೆನೆ ಬಣ್ಣದ ಒಂದು ಜರ್ಮನ್ ಕಾರು ಜಾರಿಕೊಂಡು ಬಂತು. ಜನ ಬೈದರು, ಒಬ್ಬ ಬಾಳೆಹಣ್ಣಿನ ಸಿಪ್ಪೆ ಎಸೆದ. ಕಾರು ನೇರವಾಗಿ ಬಂದು ಅಪ್ಪನ ಲಾರಿಯ ಮುಂದೆ ನಿಂತಿತು.

ಚೆಸ್ಟರ್ ಎದ್ದು ಹೋಗಿ ಕಿಟಕಿಗೆ ಬಗ್ಗಿದ. "ಅಮ್ಮಾ, ದಾರಿ ತಪ್ಪಿದ್ರಾ? ಪೆಟ್ರೋಲ್ ಆ ಕಡೆ. ಸಾಲಿನ ಬಾಲ ಹಿಡಿಯಕ್ಕೆ ಇನ್ನೊಂದು ಊರಿಗೆ ಹೋಗ್ಬೇಕು."

"ನನಗೆ ಬೇಕಿರೋದು ಪೆಟ್ರೋಲ್ ಅಲ್ಲಪ್ಪಾ" ಎಂದರು ಆಕೆ. ಎಪ್ಪತ್ತರ ಆಸುಪಾಸು, ನೆಟ್ಟನೆಯ ಬೆನ್ನು. "ಕಿವಿ ಇದ್ದರೆ ಕೇಳು."

ಚೆಸ್ಟರ್ ಕೇಳಿದ. ಬಾಯಿ ತೆರೆದ. ಆಮೇಲೆ ಎಲ್ಲರ ಕಡೆ ತಿರುಗಿ ಕಿರುಚಿದ. "ಏಯ್ ಬನ್ರೋ! ಇದು ಡೀಸೆಲ್ಲು ಕಣ್ರೋ!"

ಅಣ್ಣಾ, ಆಮೇಲೆ ನಡೆದದ್ದನ್ನು ಯಾವ ಕರಪತ್ರದಲ್ಲೂ ನಾನು ಓದಿರಲಿಲ್ಲ. ಹದಿನೇಳು ದಿನದಿಂದ ಶ್ರೀಮಂತರನ್ನು ಬಾಯಿಗೆ ಬಂದಂತೆ ಬೈದ ಹದಿನೈದು ಜನ ಮದುವೆಮನೆಗೆ ಬಂದವರ ಹಾಗೆ ಆ ಕಾರನ್ನು ಸುತ್ತುವರಿದರು. ಒಬ್ಬ ಬಾನೆಟ್ ಎತ್ತಿಸಿದ. ಒಬ್ಬ ನೆಲಕ್ಕೆ ಮಲಗಿ ಅಡಿಗೆ ಇಣುಕಿದ. "ಐದೇ ಸಿಲಿಂಡರು! ಟರ್ಬೋ ಬೇರೆ!" "ನನ್ನ ಲಾರಿಗೆ ಮಗು ಹುಟ್ಟಿದ್ರೆ ಹೀಗೇ ಇರ್ತಿತ್ತು." "ನಿನ್ನ ಲಾರಿಗೆ ಹುಟ್ಟೋ ಮಗು ಇಷ್ಟು ಚೆಂದ ಇರಲ್ಲ ಬಿಡೋ."

ಅಪ್ಪ ಮುಂದೆ ಬಂದ. ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತ. "ಮೂರನೇದ್ರಲ್ಲಿ ವಾಲ್ವು ಸ್ವಲ್ಪ ಬಿಗಿಯಾಗಿದೆ ಅಮ್ಮಾ. ಸಡಿಲ ಮಾಡಿಸ್ಕೊಳ್ಳಿ. ಆಮೇಲೆ ಇದು ನಿಮ್ಮ ಮೊಮ್ಮಕ್ಕಳಿಗೂ ಓಡುತ್ತೆ" ಎಂದ. ಮುಷ್ಕರ ಶುರುವಾದ ಮೇಲೆ ಅವನ ಮುಖದಲ್ಲಿ ಆ ಬೆಳಕು ನಾನು ನೋಡಿರಲಿಲ್ಲ.

ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಪೂರ್ತಿ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. "ಇದನ್ನು ಯಾಕೆ ಕೊಂಡ್ರಿ?" ಎಂದು ಚೆಸ್ಟರ್ ಕೇಳಿದ್ದಕ್ಕೆ ಆಕೆ ಹೇಳಿದರು: "ನಮ್ಮ ದೇಶದ ದೊಡ್ಡ ಕಾರುಗಳು ಸೋಫಾಕ್ಕೆ ಚಕ್ರ ಕಟ್ಟಿದ ಹಾಗೆ. ಐದು ವರ್ಷಕ್ಕೆ ಸಾಯ್ತವೆ. ಇದು ಒಂದು ಸಲ ಹೊಟ್ಟೆ ತುಂಬಿಸಿದ್ರೆ ಐನೂರು ಮೈಲಿ ಹೋಗುತ್ತೆ. ನನ್ನ ಕ್ಲಬ್ಬಿನ ಹೆಂಗಸರು, ಕಸದ ಲಾರಿ ಬಂದ ಹಾಗೆ ಸದ್ದು ಮಾಡುತ್ತೆ ಅಂತಾರೆ. ಅದಕ್ಕೇ ನನಗಿಷ್ಟ. ನಾನು ಬಂದೆ ಅಂತ ಅವರಿಗೆ ಗೊತ್ತಾಗ್ಬೇಕಲ್ಲ." ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ನನ್ನ ಮೇಲೇ ಕೋಪ ಬಂತು.

ಆಗ ಆಕೆ ಕೈಚೀಲದಿಂದ ನಿನ್ನ ಕಾರ್ಡು ತೆಗೆದರು. "ಇಲ್ಲಿ ಪೌಲೀನಾ ಅನ್ನೋ ಹುಡುಗಿ ಯಾರು? ಮಿಸ್ಟರ್ ಹಡ್ಸನ್ ಹೇಳಿದ್ರು, ಅವರಿಗೆ ಪರಿಚಯದವಳಂತೆ. ತುಂಬಿಸಿ ಕೊಡ್ತಾಳೆ ಅಂದ್ರು."

ಹೆಸರು ಬದಲಿಸಿಕೊಂಡಿದ್ದೀಯ ಎಂದು ನನಗೂ ಅಪ್ಪನಿಗೂ ಗೊತ್ತಿತ್ತು. ಕಾರ್ಡಿನ ಮೇಲೆ ಅಚ್ಚಾದದ್ದನ್ನು ನೋಡಿದ್ದು ಮೊದಲ ಸಲ. ಸ್ಟೀಫನ್ ಹಡ್ಸನ್. ಹುದಾಕ್ ಎಂಬ ಹೆಸರಿನಿಂದ ಕಾರು ಮಾರಾಟವಾಗುವುದಿಲ್ಲವೇನೋ. ಇರಲಿ. ನಾನು ನಿನಗೆ ಪರಿಚಯದವಳು. ಸರಿ ಅಣ್ಣಾ, ಪರಿಚಯ ಚೆನ್ನಾಗಿಯೇ ಇದೆ ನಮಗೆ.

"ಪೌಲೀನಾ ನಾನೇ. ಕೊಡೋಕಾಗಲ್ಲ. ಮುಷ್ಕರ" ಎಂದೆ.

ಚೆಸ್ಟರ್ ತಲೆ ಕೆರೆದುಕೊಂಡ. "ಒಂದೈದು ಗ್ಯಾಲನ್ ಕೊಟ್ರೆ ಆಕಾಶ ಬೀಳುತ್ತಾ ಪೌಲಾ? ನಮ್ಮ ಎಂಜಿನ್ನೇ ಅಲ್ವಾ ಅದು? ಒಂಥರಾ ನಮ್ಮ ಕುಲದವರೇ. ಕೈ ಎತ್ತಿಸೋಣ."

ಎತ್ತಿಸಿದರು. ಹದಿನೈದರಲ್ಲಿ ಹನ್ನೊಂದು ಕೈ ಮೇಲೆ ಹೋದವು. ಅಪ್ಪ ಮಾತ್ರ ಎಲ್ಲರಿಂದ ದೂರ, ತನ್ನ ಲಾರಿಯ ಚಕ್ರಕ್ಕೆ ಒರಗಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಅವನು ಎತ್ತಲಿಲ್ಲ. ನಾನು ಅದನ್ನು ನನ್ನ ಕಡೆಗಿನ ಮತ ಎಂದುಕೊಂಡೆ.

"ಮತ ಆಯ್ತಲ್ಲ, ಕೊಡಮ್ಮ ಬೀಗದ ಕೈ" ಎಂದು ಚೆಸ್ಟರ್ ಅಂಗೈ ಚಾಚಿದ.

ಎಲ್ಲರೂ ಸೇರಿ ತೀರ್ಮಾನ ಮಾಡಬೇಕು ಎಂದು ಕರಪತ್ರಗಳು ಹೇಳುತ್ತವೆ. ಎಲ್ಲರೂ ಸೇರಿ ಒಂದು ಕಾರಿಗೆ ಮರುಳಾದರೆ ಏನು ಮಾಡಬೇಕು ಎಂದು ಯಾವುದೂ ಹೇಳುವುದಿಲ್ಲ. ನಾನು ಬೀಗದ ಕೈಯನ್ನು ಷರ್ಟಿನ ಒಳಗೆ ಹಾಕಿಕೊಂಡು ಪಂಪಿನ ಕಟ್ಟೆ ಹತ್ತಿ ನಿಂತೆ.

"ಬೆಳಿಗ್ಗೆ ಆರು ಗಂಟೆಗೆ ಸ್ಟ್ರಾಬೆರಿ ತುಂಬ್ಕೊಂಡು ಒಬ್ಬ ಬಂದಿದ್ದ. ನೆನಪಿದ್ಯಾ?" ಎಂದೆ. "ಹಣ್ಣಿನ ರಸ ಲಾರಿಯಿಂದ ರಸ್ತೆಗೆ ಸೋರ್ತಿತ್ತು. ಹತ್ತು ಗ್ಯಾಲನ್ ಕೊಡಿ, ಪೇಟೆ ಮುಟ್ತೀನಿ ಅಂತ ಅತ್ತ. ಆಗ ಯಾರಾದ್ರೂ ಕೈ ಎತ್ತಿಸಿದ್ರಾ? ಚೆಸ್ಟರ್, ನೀನೇ ಅವನ ಹೆಗಲ ಮೇಲೆ ಕೈ ಹಾಕಿ, ನಿಯಮ ಅಂದ್ರೆ ನಿಯಮ ಕಣಪ್ಪಾ ಅಂದೆ. ಅವನದು ಡೊಕ್ಕು ಲಾರಿ, ನಿಮಗೆ ಅದು ಕಾಣ್ಲೇ ಇಲ್ಲ. ಇದು ಚೆಂದದ ಕಾರು, ಅದಕ್ಕೆ ಕುಲದವರಾದ್ರು. ಇವರಿಗೆ ಕೊಡೋದಾದ್ರೆ ಮೊದಲು ಹೋಗಿ ಅವನನ್ನ ಹುಡುಕ್ಕೊಂಡು ಬನ್ನಿ. ಅವನ ಟ್ಯಾಂಕು ತುಂಬಿದ ಮೇಲೆ ಇವರದು. ಇಲ್ಲಾಂದ್ರೆ ನನ್ನನ್ನ ಕೆಳಗೆ ಎಳೆದು ಹಾಕಿ ತಗೊಳ್ಳಿ. ಬನ್ನಿ, ಯಾರು ಮೊದಲು?"

ಯಾರೂ ಬರಲಿಲ್ಲ. ಪೆಟ್ರೋಲ್ ಸಾಲಿನಿಂದ ಒಬ್ಬ ಚಪ್ಪಾಳೆ ತಟ್ಟಿದ, ಅವನಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಚೆಸ್ಟರ್ ನಿಧಾನವಾಗಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಇವಳಿಗೆ ಬೀಗದ ಕೈ ಕೊಟ್ಟವನು ಯಾವನೋ?" ಎಂದ. "ನೀನೇ" ಎಂದರು ಇಬ್ಬರು.

ಅಪ್ಪ ಬಂದು ಬಾನೆಟ್ ಮುಚ್ಚಿದ. ಡೀಸೆಲ್ ಮುಳ್ಳು ನೋಡಿ, "ಕಾಲು ಟ್ಯಾಂಕ್ ಇದೆ. ವಾಪಸ್ ಮನೆಗೆ ಸಾಕಾಗುತ್ತೆ ಅಮ್ಮಾ. ಮುಂದಕ್ಕೆ ಬೇಡ" ಎಂದ.

"ಮಿಸ್ಟರ್ ಹಡ್ಸನ್‌ಗೆ ನಾನು ಫೋನ್ ಮಾಡ್ತೀನಿ" ಎಂದರು ಆಕೆ ನನಗೆ.

"ಮಾಡಿ. ನಾನೇ ಕೊಡಲಿಲ್ಲ ಅಂತ ಹೇಳಿ. ಉಳಿದವರು ಕೈ ಎತ್ತಿದ್ರು, ಅದನ್ನೂ ಹೇಳಿ."

ಕೀಲಿ ತಿರುಗಿಸಿದ ಮೇಲೆ ಎಂಜಿನ್ ಕಾದು ಆ ಕಿತ್ತಳೆ ದೀಪ ಆರುವವರೆಗೆ ಕಾಯಬೇಕಲ್ಲ, ಅಷ್ಟು ಹೊತ್ತು ಆಕೆ ನೇರ ನೋಡುತ್ತಾ ಕೂತಿದ್ದರು, ನಾವು ಸುತ್ತ ನಿಂತಿದ್ದೆವು. ಕಾರು ಹೊರಟ ಮೇಲೂ ಡ್ರೈವರುಗಳು ತುಂಬಾ ಹೊತ್ತು ಅದರ ಸದ್ದನ್ನೇ ಕೇಳುತ್ತಿದ್ದರು.

ಆ ಮೂರು ಕಾರು ಮಾರಾಟವಾಗುವುದಿಲ್ಲ. ಕುರ್ಚಿ ನಿನಗೆ ಸಿಗುವುದಿಲ್ಲ. ಗೊತ್ತಿದ್ದೇ ಮಾಡಿದೆ, ಕ್ಷಮೆ ಕೇಳುವುದಿಲ್ಲ. ನಾಳೆ ನೀನು ಇನ್ನೊಬ್ಬರನ್ನು ಕಳಿಸಿದರೆ ಅವರಿಗೂ ಇದೇ ಉತ್ತರ. ನಿನ್ನ ಆಲಿಕೆಯನ್ನು ಅಮ್ಮ ಉಪ್ಪಿನಕಾಯಿ ಬಾಟಲಿಗೆ ವಿನಿಗರ್ ಸುರಿಯಲು ಇಟ್ಟುಕೊಂಡಿದ್ದಾಳೆ, ಮುದ್ರೆ ಚೆನ್ನಾಗಿದೆಯಂತೆ.

ನಿನ್ನ ಕಾರು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಎಷ್ಟು ಒಳ್ಳೆಯದೆಂದು ನಿನ್ನೆ ನೋಡಿದೆ, ಹದಿನೈದು ಜನ ಹಸಿದ ಗಂಡಸರನ್ನು ಅರ್ಧ ಗಂಟೆ ಸಂತೋಷವಾಗಿಟ್ಟಿತು. ಆದರೆ ನಮ್ಮ ಬಂಕಿನ ಬಾಗಿಲಲ್ಲಿ ಚೆಂದಕ್ಕೊಂದು ನಿಯಮ, ಡೊಕ್ಕಿಗೊಂದು ನಿಯಮ ಇರುವುದಿಲ್ಲ, ನಾನು ಇರುವವರೆಗೆ. ಮುಷ್ಕರ ಸೋಲಬಹುದು, ಚೆಸ್ಟರ್ ಹಾಗೇ ಅನ್ನುತ್ತಾನೆ. ಸೋತರೂ ನಾವು ನೆಟ್ಟಗೆ ನಿಂತೇ ಸೋಲುತ್ತೇವೆ.

ಅಮ್ಮ ಇವತ್ತು ಚರ್ಚಿನಲ್ಲಿ ನಿನ್ನ ಹೆಸರಲ್ಲಿ ಮೇಣದಬತ್ತಿ ಹಚ್ಚಿದಳು. ಹಳೆಯ ಹೆಸರಲ್ಲೇ, ಅವಳಿಗೆ ಬೇರೆಯದು ಗೊತ್ತಿಲ್ಲ. ನಿನ್ನ ಆರೋಗ್ಯ ಚೆನ್ನಾಗಿರಲಿ, ಹೊಟ್ಟೆ ತುಂಬಾ ಉಣ್ಣು, ಒಳ್ಳೆಯ ಹುಡುಗಿ ಸಿಗಲಿ ಎಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ. ನನ್ನದೂ ಸೇರಿಸಿಕೋ.

ನಿನ್ನ ತಂಗಿ,
ಪೌಲೀನಾ ಹುದಾಕ್

ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದೆ: ಅಪ್ಪ ಎಂಜಿನ್ನಿಗೆ ಕಿವಿ ಕೊಟ್ಟು ವಾಲ್ವಿನ ವಿಷಯ ಹೇಳಿದಾಗ ಮಿಸೆಸ್ ಲೆವೆಲಿನ್ ಖುಷಿಯಿಂದ ಅವನ ಪಕ್ಕ ಬಗ್ಗಿ ಹೇಳಿದರು, "ಮಿಸ್ಟರ್ ಹಡ್ಸನ್ ಕೂಡ ಥೇಟ್ ಹೀಗೇ ಕೇಳಿಸ್ಕೊಳ್ತಾರೆ. ಅವರಪ್ಪ ಕಲಿಸಿದ್ದಂತೆ. ದೊಡ್ಡ ಎಂಜಿನಿಯರ್ ಆಗಿದ್ರಂತೆ. ಪಾಪ, ಮಗನಿಗೆ ಹದಿನಾರು ತುಂಬೋ ಮೊದಲೇ ತೀರಿಕೊಂಡ್ರಂತೆ." ಅಪ್ಪ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡ. "ಹೌದಾ ಅಮ್ಮಾ. ಒಳ್ಳೆ ಮನುಷ್ಯ ಇರ್ಬೇಕು" ಎಂದು ಲಾರಿಯ ಹತ್ತಿರ ಹೋಗಿ ನಿಂತ. ಕೇಳಿಸಿಕೊಂಡವಳು ನಾನೊಬ್ಬಳೇ. ನಿನಗೆ ಬರೆಯಬಾರದೆಂದು ಆಣೆ ಹಾಕಿಸಿಕೊಂಡಿದ್ದಾನೆ, ಮುರಿದಿದ್ದೇನೆ. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ, ಅಮ್ಮ ಒಳಗೆ ಹೋಗುವವರೆಗೆ ಕಾದು, ತಟ್ಟೆ ನೋಡುತ್ತಲೇ ಕೇಳಿದ: "ಪೌಲಾ, ನಾನು ಯಾವ ಕಾಯಿಲೆಯಿಂದ ಸತ್ತೆ ಅಂತ ಆಯಮ್ಮ ಏನಾದ್ರೂ ಹೇಳಿದ್ಲಾ?" ಹೇಳಲಿಲ್ಲ ಅಪ್ಪಾ ಎಂದೆ. ನನಗೆ ಗೊತ್ತಿಲ್ಲ, ನಿನಗೆ ಮಾತ್ರ ಗೊತ್ತು. ಇದಕ್ಕೆ ಪತ್ರ ಬರೆಯಬೇಡ. ಬಂದು ಅವನ ಎದುರು ಕೂತು ಹೇಳು.