ನಮ್ಮ ಆರು ಕಂಪ್ಯೂಟರುಗಳೊಳಗಿನ ಬಾಯಿ ಬಿಡದ ಕಡತ

ಸಾರ್ವಜನಿಕ ಕಂಪ್ಯೂಟರುಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹೋದ ವಾರಕ್ಕೆ ಹಿಂದಿನ ಮಂಗಳವಾರ ನಿಮ್ಮ ತಂತ್ರಜ್ಞರೊಬ್ಬರು ಕೆ.ಜಿ.ಎಫ್.ನ ನಂದಿದುರ್ಗದ ನಮ್ಮ ಓದುವ ಕೋಣೆಗೆ ಬಂದು, ಯಾರನ್ನೂ ಕೇಳದೆ, ಆರೂ ಕಂಪ್ಯೂಟರುಗಳಿಗೆ ಯಾರೂ ತೆರೆದು ಓದಲಾಗದ ಕಡತವೊಂದನ್ನು ತುಂಬಿ ಹೋದರು. ಇದು ತಪ್ಪು. ಆ ಯಂತ್ರಗಳಲ್ಲಿ ಓಡುವುದು ಸ್ವತಂತ್ರ ತಂತ್ರಾಂಶ. ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಹಾಗೆಂದು ಹೇಳುವ ಕರಪತ್ರವನ್ನು ಆ ಕೋಣೆಯಲ್ಲಿ ಹಂಚುವವಳು ನಾನೇ. ನಿಮ್ಮವರು ಹಾಕಿದ್ದು ವೈಫೈ ಚಿಪ್ಪನ್ನು ನಡೆಸುವ ಫರ್ಮ್‌ವೇರ್. ಅದನ್ನು ಬರೆದ ಕಂಪನಿಯ ಹೊರತು ಯಾರೂ ಅದರೊಳಗೆ ಇಣುಕುವಂತಿಲ್ಲ. ಹಾಕುವ ಮುನ್ನ ಪರದೆಯ ಮೇಲೆ ಪ್ರಶ್ನೆ ಬಂತು: ಇದು ಸ್ವತಂತ್ರ ತಂತ್ರಾಂಶವಲ್ಲ, ಷರತ್ತುಗಳಿಗೆ ಒಪ್ಪುವಿರಾ? ಯಂತ್ರಕ್ಕಿದ್ದ ಮರ್ಯಾದೆ ಮನುಷ್ಯನಿಗಿರಲಿಲ್ಲ. ನಮ್ಮೆಲ್ಲರ ಪರವಾಗಿ ಅವರೇ ಆರು ಸಲ ಒಪ್ಪಿಕೊಂಡರು.

ಒಳಗೇನಿದೆ ಎಂದು ನಾನು ಕೇಳಿದೆ.

"ಏನೂ ಇಲ್ಲಮ್ಮ. ಆಕಿದ್ರೆ ನೆಟ್ ಬರ್ತದೆ, ಆಕಿಲ್ಲಾಂದ್ರೆ ಇಲ್ಲ."

"ಏನೂ ಇಲ್ದಿದ್ರೆ ತೋರಿಸೋಕೇನು?"

"ನಂಗೇ ತೋರ್ಸಿಲ್ಲ, ನಿಂಗೆ ತೋರಿಸ್ತಾರಾ?" ಎಂದು ನಕ್ಕು ಬ್ಯಾಗು ಹೆಗಲಿಗೇರಿಸಿದರು.

ನನ್ನ ತಾತ ಆದಿನಾರಾಯಣ ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಪಾಳಿ ಮುಗಿಸಿ ಬರುವಾಗ ಗೇಟಿನಲ್ಲಿ ದಿನವೂ ಬುತ್ತಿ ಡಬ್ಬಿ ತೆರೆದು ತೋರಿಸಬೇಕಿತ್ತು, ತಲೆಗೆ ಸುತ್ತಿದ ಬಟ್ಟೆಯನ್ನೂ ಬಿಚ್ಚಬೇಕಿತ್ತು. ಗಣಿ ಮುಚ್ಚಿ ಇಷ್ಟು ವರ್ಷವಾದರೂ, ಸಂತೆಯಿಂದ ಬಂದಾಗ ಹೊಸಿಲ ಮೇಲೆ ನಿಂತು ಚೀಲದ ಬಾಯಿ ಅಗಲಿಸಿ ಹಿಡಿಯುವ ಅಭ್ಯಾಸ ಅವರನ್ನು ಬಿಟ್ಟಿಲ್ಲ. ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ತೋರ್ಸಲ್ಲ ಅಂದೋನ್ನ ಗೇಟ್ ಯಾಕ್ ದಾಟಿಸ್ದೆ ಕಣಮ್ಮ?" ಅನ್ನದ ಡಬ್ಬಿಯಲ್ಲಿ ಹುಡುಕಿಸಿಕೊಂಡವರ ಮೊಮ್ಮಕ್ಕಳು ನಾವು. ಕಂಪನಿಯ ಡಬ್ಬಿಯನ್ನು ಮಾತ್ರ ನಂಬಬೇಕೇ?

ಅದಿಲ್ಲದೆ ನೆಟ್ ಬರುವುದೇ ಇಲ್ಲ ಎಂಬುದೂ ನಿಜವಲ್ಲ. ರೂಟರ್ ಇರುವುದು ಗೋಡೆಯಾಚೆಯ ಕೋಣೆಯಲ್ಲಿ. ಒಂದು ತೂತು ಕೊರೆದು ಕೇಬಲ್ ಎಳೆದರೆ ಈ ಆರು ಯಂತ್ರಗಳಿಗೆ ಆ ಕಡತ ಬೇಕಿಲ್ಲ. ಇದನ್ನೂ ನಿಮ್ಮ ತಂತ್ರಜ್ಞರಿಗೆ ಅಂದೇ ಹೇಳಿದೆ. ಗೋಡೆ ಕೊರೆಯಲು ಅಂದಾಜು ಪಟ್ಟಿ ಆಗಬೇಕು, ಮಂಜೂರಾತಿ ಬೇಕು ಎಂದರು. ನೆಲವನ್ನು ಮೂರು ಕಿಲೋಮೀಟರ್ ಆಳಕ್ಕೆ ಕೊರೆದ ಊರಿದು, ಸ್ವಾಮಿ. ಇಲ್ಲಿ ಅರ್ಧ ಇಂಚಿನ ತೂತಿಗೆ ಮಂಜೂರಾತಿ ಸಿಗುವುದಿಲ್ಲ, ಮುಚ್ಚಿದ ಕಡತಕ್ಕೆ ಎರಡೇ ನಿಮಿಷ ಸಾಕು. ಬೀದಿದೀಪದ ಬಲ್ಬು ಬದಲಿಸಲು ಎರಡು ವರ್ಷ ಯೋಚಿಸುವ ಆಡಳಿತಕ್ಕೆ ಈ ಒಂದು ಕೆಲಸದಲ್ಲಿ ಅಷ್ಟು ಅವಸರ ಎಲ್ಲಿಂದ ಬಂತು? ಯಾರ ಅವಸರ ಅದು?

ಇನ್ನು ನನ್ನ ತಪ್ಪು. ಅದನ್ನು ಮುಚ್ಚಿಟ್ಟು ನಿಮಗೆ ತೆರೆದು ತೋರಿಸಿ ಎನ್ನಲಾರೆ. ಭಾನುವಾರ ಸಂಜೆ ಆ ಕಡತವನ್ನು ಆರೂ ಯಂತ್ರಗಳಿಂದ ನಾನೇ ಅಳಿಸಿದೆ. ನಾನೂ ಯಾರನ್ನೂ ಕೇಳಲಿಲ್ಲ. ಸೋಮವಾರ ನಾನು ಕೋಲಾರಕ್ಕೆ ಹೋಗಿದ್ದಾಗ ಪಕ್ಕದ ಮನೆಯ ಮುನಿಲಕ್ಷ್ಮಿ ನರ್ಸಿಂಗ್ ಕೋರ್ಸಿನ ಅರ್ಜಿ ಹಾಕಲು ಬಂದಳು. ಐದು ಗಂಟೆಗೆ ಗಡುವು. ನೆಟ್ ಇಲ್ಲ. ಪಕ್ಕದ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ ಕರೆಂಟಿಲ್ಲ. ಬಂಗಾರಪೇಟೆಯ ಬಸ್ಸು ಹಿಡಿದು, ಸೈಬರ್ ಅಂಗಡಿಗೆ ಓಡಿ, ಐದಕ್ಕೆ ಆರು ನಿಮಿಷವಿರುವಾಗ ಅರ್ಜಿ ಕಳಿಸಿದಳಂತೆ. ಸಂಜೆ ನೇರ ನಮ್ಮ ಮನೆಗೇ ಬಂದಳು.

"ಲೇ ಶಶಿ, ಒಳಗೇನೈತೆ ಅಂತ ನೀನು ಸಾಯೋಗಂಟ ನೋಡ್ಕಂಡಿರು. ನಿನ್ ಕರಪತ್ರದಾಗೆ ಬಸ್ಸಿನ ಟೈಮೂ ಬರ್ದವ್ರಾ?"

ಎತ್ತಿಟ್ಟಿದ್ದ ಪ್ರತಿಯಿಂದ ಆ ಕಡತವನ್ನು ರಾತ್ರಿಯೇ ಮತ್ತೆ ಹಾಕಿದೆ. ಷರತ್ತುಗಳಿಗೆ ಒಪ್ಪುವಿರಾ ಎಂದು ಪರದೆ ನನ್ನನ್ನೂ ಕೇಳಿತು. ಆರು ಸಲ ಒಪ್ಪಿದೆ. ಇದನ್ನು ಒಪ್ಪಿಗೆ ಎನ್ನುವುದಾದರೆ, ಬಾವಿಗೆ ಬಿದ್ದವನು ಹಗ್ಗ ಹಿಡಿದದ್ದೂ ಒಪ್ಪಂದವೇ.

ಸೋಮವಾರ ನೆಟ್ ಇಲ್ಲದ ಸುದ್ದಿ ನಿಮಗೂ ಮುಟ್ಟಿರಬೇಕು. ಬುಧವಾರ ನಿಮ್ಮ ಪತ್ರ ಬಂತು: ಮತ್ತೊಮ್ಮೆ ಯಾರಾದರೂ ಕೈಯಾಡಿಸಿದರೆ ಕಂಪ್ಯೂಟರುಗಳನ್ನು ವಾಪಸ್ ಒಯ್ಯಲಾಗುವುದು. ಜೊತೆಗೆ, ಈ ಫರ್ಮ್‌ವೇರನ್ನು ಓದುಗರೇ ಕೋರಿ ಹಾಕಿಸಿಕೊಂಡರು ಎಂದು ಬರೆದು ಸಹಿ ಮಾಡಿಕೊಡಬೇಕಂತೆ. ನಾವು ಕೋರಲಿಲ್ಲ. ಆ ಕಡತ ನಿರಪರಾಧಿಯೇ ಇರಬಹುದು, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಮ್ಮಿಂದಲೇ ಸಹಿ ಹಾಕಿಸುವ ಈ ಜಾಣತನ ನೋಡಿದ ಮೇಲೆ ನನ್ನ ಅನುಮಾನ ಕಡತದ ಮೇಲಿರುವುದಕ್ಕಿಂತ ನಿಮ್ಮ ಮೇಲೇ ಹೆಚ್ಚು. ಆ ಕಾಗದಕ್ಕೆ ನಮ್ಮಲ್ಲಿ ಯಾರೂ ಸಹಿ ಹಾಕುವುದಿಲ್ಲ.

ಬರುವ ಶುಕ್ರವಾರ ಮುನಿಲಕ್ಷ್ಮಿ ಯಾವ ಕಾಲೇಜು ಬೇಕೆಂದು ಅದೇ ಕಂಪ್ಯೂಟರಿನಲ್ಲಿ ತುಂಬಬೇಕು. ಅವಳನ್ನು ಇನ್ನೊಮ್ಮೆ ಬಸ್ಸಿನ ಹಿಂದೆ ಓಡಿಸಲಾರೆ. ಆದ್ದರಿಂದ ಕೇಬಲ್ ಬರುವತನಕ ಕಡತವನ್ನು ನಾನು ಮುಟ್ಟುವುದಿಲ್ಲ. ನೀವು ಯಂತ್ರಗಳನ್ನು ಮುಟ್ಟಬೇಡಿ. ಕೇಬಲ್ ನಾವು ತಂದಿದ್ದೇವೆ. ನಮ್ಮ ಎಲೆಕ್ಟ್ರಿಷಿಯನ್ ಚಲಪತಿ ಡ್ರಿಲ್ ತರುತ್ತಾರೆ. ನೀವು ತರಬೇಕಾದ್ದು ಒಂದು ಸಾಲಿನ ಅನುಮತಿ, ಅದರ ಕೆಳಗೆ ನಿಮ್ಮ ಸಹಿ. ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಓದುವ ಕೋಣೆಯ ಬಾಗಿಲಲ್ಲಿ. ತಾತನೂ ಬರುತ್ತಾರೆ. ನಿಮ್ಮ ಬ್ಯಾಗಿನ ಬಾಯಿ ತೆರೆದಿರಲಿ.

ಇಂತಿ,
ನಿಮ್ಮ ಕಡತವನ್ನು ತನ್ನ ಕೈಯಾರೆ ಮತ್ತೆ ಹಾಕಿದವಳು,
ಶಶಿರೇಖ
ನಂದಿದುರ್ಗ, ಕೆ.ಜಿ.ಎಫ್.