ಸೋಸದ ಬಾಳೆಹಣ್ಣು

ಮಾರ್ಚ್ ೯, ಶನಿವಾರ, ಬೆಳಿಗ್ಗೆ ೬:೪೦

ತಂಗೀ,

ಬಾಚಣಿಗೆಗೆಂದು ಈ ಡ್ರಾಯರ್ ತೆಗೆದಿದ್ದೀಯ ಅಂದರೆ ತಲೆ ತೊಳೆದಾಗಿದೆ, ಕೂದಲ ತುಂಬ ಬಾಳೆಹಣ್ಣಿನ ಚೂರು ಅಂಟಿದೆ. ಅದು ನನ್ನದೇ ಕೆಲಸ.

ನಾನು ಮಾಡಿಟ್ಟ ಕಂಡಿಷನರನ್ನು ನೀನು ಕದ್ದು ಹಚ್ಚಿಕೊಂಡು, ಡಬ್ಬಿಯ ಮೇಲೆ ನಾನೆಳೆದ ಗೆರೆಯವರೆಗೆ ನಲ್ಲಿನೀರು ತುಂಬಿಸಿಡುತ್ತಿದ್ದೆ. ಚಮಚದಿಂದ ಜಾರಲು ನಾಲ್ಕು ಸೆಕೆಂಡ್ ಬೇಕಾದದ್ದು ಒಂದೇ ಸೆಕೆಂಡಿಗೆ ಸುರಿದಾಗಲೇ ನನಗೆ ಗೊತ್ತಾಯಿತು. ಆದರೂ ನಾನು ಮತ್ತೆ ಮಾಡಿಟ್ಟೆ. ಭಾನುವಾರ ಅತ್ತೆಯ ಎದುರು, "ಅಕ್ಕನ ಕಂಡಿಷನರ್ ಅಂದ್ರೆ ಬರೀ ನೀರು ಅತ್ತೆ, ಇವಳು ಕಾಲೇಜಲ್ಲಿ ಓದಿದ್ದೆಲ್ಲ ದಂಡ" ಅಂದೆಯಲ್ಲ, ಅದನ್ನು ಮಾತ್ರ ನುಂಗಲಾಗಲಿಲ್ಲ.

ಪ್ರತಿ ಸಲ ನಾನು ಬಾಳೆಹಣ್ಣು ಅರೆದು, ಮೊಸರು, ಜೇನುತುಪ್ಪ ಬೆರೆಸುವ ಮೊದಲು ತೆಳುಬಟ್ಟೆಯಲ್ಲಿ ಎರಡೆರಡು ಬಾರಿ ಸೋಸುತ್ತಿದ್ದೆ. ಈ ಸಲ ಸೋಸಲಿಲ್ಲ.

ಹನ್ನೊಂದಕ್ಕೆ ನೀನು ಫೋಟೊ ಸ್ಟುಡಿಯೊದಲ್ಲಿರಬೇಕು. ಅಗಲ ಹಲ್ಲಿನ ಬಾಚಣಿಗೆ ಇಲ್ಲೇ ಇದೆ. ಕೂದಲು ಒಣಗಲು ಬಿಡಬೇಡ, ತುದಿಯಿಂದ ಬಿಡಿಸುತ್ತಾ ಬಾ. ಅಮ್ಮನನ್ನು ಕೂಗಬೇಡ. ಅವಳಿಗೆ ಎಲ್ಲ ಹೇಳಿಯೇ ಹೊರಟಿದ್ದೇನೆ, ನಗುತ್ತಿದ್ದಾಳೆ.

ಅತ್ತೆಗೂ ತಿಳಿಸಿಬಿಡು. ಇದಕ್ಕೆ ನೀರು ಒಂದು ಹನಿಯೂ ಹಾಕಿಲ್ಲ. ಬಾಳೆಹಣ್ಣು ಇನ್ನೂರ ನಲವತ್ತು ಗ್ರಾಂ.